ಅಷ್ಟಮಿಯ ಕಡಲು

ಭೂಪಟ ಬಿಡಿಸಿ ಚಾಮರಾಜನಗರದಿಂದ ನೇರ ಪೂರ್ವಕ್ಕೆ ಒಂದು ಗೆರೆ ಎಳೆಯಿರಿ. ಅದು ತಮಿಳುನಾಡನ್ನು ಹಾದು, ಬಂಗಾಳ ಕೊಲ್ಲಿಯ ನೀಲಿಯನ್ನೆಲ್ಲ ದಾಟಿ, ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗಿ ತಾಗುತ್ತದೆ. 2018ರ ಡಿಸೆಂಬರಿನಿಂದ ಸರ್ಕಾರಿ ದಾಖಲೆಗಳಲ್ಲಿ ಅದು ಸ್ವರಾಜ್ ದ್ವೀಪ. ಹಡಗುಕಟ್ಟೆಯ ಕೂಲಿಯಿಂದ ಹಿಡಿದು ಹೋಟೆಲಿನವರವರೆಗೆ ಎಲ್ಲರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕ್. ಎರಡೂ ಊರುಗಳ ಅಕ್ಷಾಂಶ ಹೆಚ್ಚುಕಡಿಮೆ ಒಂದೇ, 12 ಡಿಗ್ರಿ. ರೇಖಾಂಶದಲ್ಲಿ ಮಾತ್ರ 16 ಡಿಗ್ರಿ ವ್ಯತ್ಯಾಸ. ಎರಡೂ ಕಡೆಯ ಕೈಗಡಿಯಾರಗಳು ಒಂದೇ ಹೊತ್ತು ತೋರಿಸುತ್ತಿದ್ದರೂ ಸೂರ್ಯ ಅಲ್ಲಿ ನಮಗಿಂತ ಒಂದು ಗಂಟೆ ಮೊದಲೇ ಹುಟ್ಟುತ್ತಾನೆ, ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಏಪ್ರಿಲಿನಲ್ಲಿ ಬೆಳಗಿನ ಐದಕ್ಕೆಲ್ಲ ಮೂಡಲ ದಂಡೆ ಕೆಂಪಾಗಿರುತ್ತದೆ. ಜನವರಿಯಲ್ಲಿ ಸಂಜೆ ಐದೂಕಾಲಿಗೆ ಕತ್ತಲಾಗುವುದಕ್ಕೆ ಶುರು. ರಜೆಯೆಂದು ಒಂಬತ್ತಕ್ಕೆ ಏಳುವವರಿಗೆ ಅಲ್ಲಿ ಅರ್ಧ ದಿನ ಕಳೆದುಹೋಗಿರುತ್ತದೆ.

ಅಲ್ಲಿಗೆ ಹೋಗಿಬಂದ ಮೇಲೆ ಪರಿಚಯದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಏನೇನು ಮಾಡಬಹುದು?" ಪ್ರವಾಸದ ಏಜೆಂಟರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ. ಒಂದು ರಾತ್ರಿ, ಎರಡು ಹಗಲು. ಒಂದು ಸ್ಕೂಬಾ, ಒಂದು ಸ್ನಾರ್ಕೆಲ್, ರಾಧಾನಗರದ ಸೂರ್ಯಾಸ್ತ, ಮರುದಿನ ಹಡಗು. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದರಲ್ಲಿ ಎಲ್ಲಿಯೂ ಕಡಲನ್ನು ವಿಚಾರಿಸಿಲ್ಲ. ನಾನು ಕೊಡುವ ಉತ್ತರ ಬೇರೆ: ಅಲ್ಲಿ ಏನು ಮಾಡಬಹುದು ಎನ್ನುವುದು ನೀವು ಕಾಲಿಡುವ ದಿನದ ತಿಥಿಯ ಮೇಲೆ ನಿಂತಿದೆ. ಆದ್ದರಿಂದ ವಿಮಾನದ ದರ ನೋಡುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು, ಅಷ್ಟಮಿ ಯಾವತ್ತು ಎಂದು ನೋಡಿಕೊಳ್ಳಿ.

ಈ ಬುದ್ಧಿ ನನಗೆ ಬಂದದ್ದು ಕುಮಟೆಯ ದೊಡ್ಡಪ್ಪನಿಂದ. ಅವರು ಮೀನು ಹಿಡಿಯುವವರಲ್ಲ. ಅಘನಾಶಿನಿಯ ಅಳಿವೆಯ ಹತ್ತಿರ ಅವರದು ಗಜನಿ ಗದ್ದೆ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಬೇಸಾಯ. ಹೊಳೆಗೆ ಭರತ ಬಂದಾಗ ಕಟ್ಟೆಯ ಮರದ ಬಾಗಿಲು ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು. ತಪ್ಪಿದರೆ ಗದ್ದೆ ಹೋಯಿತು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುತ್ತಾರೆ, ಉಬ್ಬರ ಬಹಳ ಮೇಲೆ ಬರುತ್ತದೆ, ಇಳಿತ ಬಹಳ ಕೆಳಗೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಇಬ್ಬರೂ ಅಡ್ಡಡ್ಡಲಾಗಿ ಎಳೆಯುವುದರಿಂದ ನೀರು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ದೊಡ್ಡಪ್ಪ ಇದನ್ನು ಹೇಳುತ್ತಿದ್ದ ರೀತಿ: "ಅಷ್ಟಮಿ ನೀರಿಗೆ ಸೊಕ್ಕಿಲ್ಲ ತಂಗಿ."

ನಮ್ಮ ಮನೆಗಳಲ್ಲಿ ಅಷ್ಟಮಿ, ನವಮಿಗೆ ಯಾರೂ ಪ್ರಯಾಣ ಹೊರಡುವುದಿಲ್ಲ. ಮುಳುಗುಗಾರರಿಗಾದರೋ ಅವೇ ಒಳ್ಳೆಯ ದಿನಗಳು. ಉಬ್ಬರವಿಳಿತದ ಏರಿಳಿತ ಕಡಿಮೆಯಾದಂತೆ ನೀರಿನ ಸೆಳೆತವೂ ತಗ್ಗುತ್ತದೆ, ತಳದ ಮರಳು ಹೂಳು ಕದಡದೆ ನೀರು ತಿಳಿಯಾಗುತ್ತದೆ. ಅಷ್ಟಮಿಯಿಂದ ಏಕಾದಶಿಯವರೆಗಿನ ದಿನಗಳು ಮೊದಲ ಬಾರಿ ಇಳಿಯುವವರಿಗೆ ಹೇಳಿ ಮಾಡಿಸಿದವು. ಹುಣ್ಣಿಮೆ ಅಮಾವಾಸ್ಯೆಗಳ ಜೋರು ಸೆಳೆತದಲ್ಲಿ ಆಳದ ಬಂಡೆಗಳ ಹತ್ತಿರ ಬರಾಕುಡಾ, ಟ್ರೆವಲಿಯಂಥ ದೊಡ್ಡ ಮೀನುಗಳ ಹಿಂಡು ನೆರೆಯುತ್ತದೆ ನಿಜ, ಅದು ಪಳಗಿದವರ ಪಾಲು.

ನಾನು ಇಳಿದದ್ದು ಅಂಥ ಒಂದು ದಶಮಿಯ ಬೆಳಿಗ್ಗೆ. ಈಜು ಬಾರದವರನ್ನೂ ಇಳಿಸುತ್ತಾರೆ. ಒಬ್ಬರಿಗೆ ಒಬ್ಬ ತರಬೇತುದಾರ, ಹಿಂದಿನಿಂದ ನಮ್ಮ ಸಿಲಿಂಡರನ್ನು ಹಿಡಿದುಕೊಂಡೇ ಇರುತ್ತಾನೆ, 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ. ನನ್ನ ಜೊತೆ ಬಂದವನು ದ್ವೀಪದಲ್ಲೇ ಹುಟ್ಟಿದ ಬಂಗಾಳಿ ಹುಡುಗ. ದಂಡೆಯ ಸೊಂಟದುದ್ದ ನೀರಿನಲ್ಲಿ ನಿಲ್ಲಿಸಿ ಮೂರು ಪಾಠ ಹೇಳಿದ. ಉಸಿರು ಕಟ್ಟಬಾರದು. ಕಿವಿ ಒತ್ತಿದ ಕೂಡಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು, ನೋವು ಬರುವವರೆಗೆ ಕಾಯಬಾರದು. ಹೆಬ್ಬೆರಳು ಮೇಲೆತ್ತಿದರೆ ಚೆನ್ನಾಗಿದೆ ಎಂದಲ್ಲ, ಮೇಲಕ್ಕೆ ಹೋಗೋಣ ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. "ದೀದಿ, ಅವಸರ ಮಾತ್ರ ಬೇಡ, ಮೀನಿಗೂ ಅವಸರ ಇಲ್ಲ" ಎಂದ.

ಇಳಿಯುತ್ತ ಹೋದಂತೆ ಮೊದಲು ಕಳೆದುಹೋಗುವುದು ಕೆಂಪು. ನೀರು ಸೂರ್ಯನ ಬೆಳಕಿನಿಂದ ಕೆಂಪನ್ನೇ ಮೊದಲು ಹೀರಿಕೊಳ್ಳುವುದರಿಂದ ನನ್ನ ಬೆರಳಿನ ಕೆಂಪು ಬಣ್ಣ ಕಂದಾಯಿತು, ಆಮೇಲೆ ಬೂದಿಯಾಯಿತು. ಹತ್ತು ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ದಂಡೆಯಲ್ಲಿದ್ದುದರ ಎರಡರಷ್ಟು. ಅದು ಭಾರವೆನಿಸಲಿಲ್ಲ, ಕಿವಿಗೆ ಮಾತ್ರ ಗೊತ್ತಾಯಿತು. ಕಡಲೊಳಗೆ ಮೌನವಿರುತ್ತದೆ ಎಂದು ಬರೆಯುವವರು ಬಹುಶಃ ಮುಳುಗಿ ನೋಡಿದವರಲ್ಲ. ನನ್ನ ಉಸಿರಿನ ಗುಳುಗುಳು, ಅದರಾಚೆ ಎಲ್ಲ ದಿಕ್ಕಿನಿಂದಲೂ ಚಟಚಟ ಸದ್ದು. ಗಾಳಿಗಿಂತ ನೀರಿನಲ್ಲಿ ಸದ್ದು ನಾಲ್ಕು ಪಟ್ಟು ವೇಗವಾಗಿ ಬರುವುದರಿಂದ ಅದು ಎಡದ್ದೋ ಬಲದ್ದೋ ಎಂದು ನಮ್ಮ ಕಿವಿಗೆ ತಿಳಿಯುವುದಿಲ್ಲ. ಹುಡುಗ ಬೆರಳು ತೋರಿಸಿದ ಕಡೆ ನೋಡಿದರೆ ಗಿಳಿಮೀನೊಂದು ಬಂಡೆಗೆ ಬಾಯಿಹಾಕಿ ಕೆರೆಯುತ್ತಿತ್ತು. ಸತ್ತ ಹವಳದ ಮೇಲಿನ ಪಾಚಿ ಅದರ ಊಟ. ಜೊತೆಗೆ ನುಂಗಿದ ಸುಣ್ಣ ಹೊಟ್ಟೆಯಲ್ಲಿ ನುರಿದು ಬಿಳಿ ಮರಳಾಗಿ ಹೊರಬೀಳುತ್ತದೆ. ನಾವು ಮೇಲೆ ಚಾಪೆ ಹಾಸಿ ಮಲಗುವ ಆ ಬಿಳಿ ದಂಡೆಯಲ್ಲಿ ಗಿಳಿಮೀನುಗಳ ಪಾಲು ಸಾಕಷ್ಟಿದೆ.

ಒಂದು ಕಡಲಹೂವಿನ ಮುಂದೆ ಅವನು ನನ್ನನ್ನು ಬಹಳ ಹೊತ್ತು ನಿಲ್ಲಿಸಿದ. ಅದರ ಕುಡಿಗಳ ನಡುವೆ ಕೋಡಂಗಿ ಮೀನಿನ ಸಂಸಾರ. ದೊಡ್ಡದು ಹೆಣ್ಣು, ಅದಕ್ಕಿಂತ ಚಿಕ್ಕದು ಗಂಡು, ಉಳಿದವು ಮರಿಗಾತ್ರದವು. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಬದಲಾಗುತ್ತದೆ, ಮರಿಗಳಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೆ ಬರುತ್ತದೆ. ಇದನ್ನು ಎಲ್ಲೋ ಓದಿದ್ದೆ. ಅಂಗೈಯಗಲದ ಆ ತಾಯಿಮೀನು ನನ್ನ ಮುಖಗನ್ನಡಕಕ್ಕೆ ನೇರವಾಗಿ ನುಗ್ಗಿ ಬಂದು ತನ್ನ ಮನೆಯನ್ನು ಕಾಯ್ದುಕೊಂಡಾಗ, ಓದಿದ್ದಕ್ಕೆ ಜೀವ ಬಂತು. ಹತ್ತು ಜಾಗ ತೋರಿಸುವ ತರಬೇತುದಾರನಿಗಿಂತ ಒಂದೇ ಕಡೆ ಹತ್ತು ನಿಮಿಷ ನಿಲ್ಲಿಸುವವನು ದೊಡ್ಡವನು ಎಂದು ನನಗೆ ಅನ್ನಿಸಿದ್ದು ಅಲ್ಲಿ.

ಎಲ್ಲವೂ ಚೆಲುವಲ್ಲ. ಆಳ ಕಡಿಮೆಯಿರುವಲ್ಲಿ ಮುರಿದ ಹವಳದ ಕೊಂಬೆಗಳು ಎಲುಬಿನ ರಾಶಿಯಂತೆ ಬಿದ್ದಿವೆ. ಹವಳದ ಹುಳುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅವುಗಳಿಗೆ ಬಣ್ಣ, ಬಹುಪಾಲು ಅನ್ನ. ನೀರು ಹಲವು ವಾರ ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ನಿಂತರೆ ಹುಳುಗಳು ಆ ಪಾಚಿಯನ್ನು ಹೊರಗೆ ಉಗುಳಿ ಬೆಳ್ಳಗಾಗುತ್ತವೆ. ಬಿಸಿ ಬೇಗ ಇಳಿಯದಿದ್ದರೆ ಹಸಿದು ಸಾಯುತ್ತವೆ. 1998ರಲ್ಲಿ, 2010ರ ಬೇಸಗೆಯಲ್ಲಿ, ಮತ್ತೆ 2016ರಲ್ಲಿ ಅಂಡಮಾನಿನ ಹವಳ ಹೀಗೆ ಬೆಳ್ಳಗಾಗಿದೆ. ಅದನ್ನು ತಡೆಯುವುದು ಪ್ರವಾಸಿಯೊಬ್ಬನ ಕೈಲಿಲ್ಲ. ಆದರೆ ಬಿಸಿಗೆ ಬದುಕುಳಿದ ಕೊಂಬೆಯನ್ನು ಕಾಲಿನ ರೆಕ್ಕೆಯಿಂದ ಒದ್ದು ಮುರಿಯದಿರುವುದು ಖಂಡಿತ ನಮ್ಮ ಕೈಲಿದೆ. ಹವಳ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಜೀವ. ಫೋಟೊಕ್ಕಾಗಿ ಅದರ ಮೇಲೆ ನಿಲ್ಲುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ, ಬರಲೇಬೇಕು.

ನನ್ನ ಅಕ್ಕನಿಗೆ ನೀರೆಂದರೆ ಭಯ. ಅವಳನ್ನು ಒತ್ತಾಯಿಸಲಿಲ್ಲ. ಅಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಅವಳ ದಿನಗಳು ಬಂದವು. ದ್ವೀಪದ ಮೂಡಲ ಮಗ್ಗುಲಿನ ದಂಡೆಗಳಲ್ಲಿ, ವಿಜಯನಗರದ ಐದನೇ ನಂಬರಿನ ದಂಡೆಯಿಂದ ಕಾಲಾಪತ್ಥರಿನ ಕಡೆಗೆ, ನೆಲ ಬಹಳ ಇಳಿಜಾರಿಲ್ಲ. ದೊಡ್ಡ ಇಳಿತದಲ್ಲಿ ಕಡಲು ನೂರಾರು ಮೀಟರ್ ಹಿಂದೆ ಸರಿದು, ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ನಡೆದಾಡಬಹುದಾದ ಬಯಲು ಬಿಚ್ಚಿಕೊಳ್ಳುತ್ತದೆ. ಇಳಿತ ದಿನಕ್ಕೆ ಎರಡು ಬಾರಿ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಈ ಲೆಕ್ಕ ಗೊತ್ತಿಲ್ಲದವರು ಕಡಲು ಬತ್ತಿದ ಹೊತ್ತಿಗೆ ಈಜಲು ಬಂದು, ಕೆಸರು ಬಂಡೆ ನೋಡಿ, ದಂಡೆ ಚೆನ್ನಾಗಿಲ್ಲವೆಂದು ಹೋಗಿಬಿಡುತ್ತಾರೆ. ಅಕ್ಕ ಸೀರೆ ಎತ್ತಿಕಟ್ಟಿ, ರಬ್ಬರ್ ಚಪ್ಪಲಿ ಮೆಟ್ಟಿ, ಬಂಡೆಗುಳಿಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ನಕ್ಷತ್ರಮೀನು, ಕಪ್ಪು ಕಡಲಸೌತೆ, ಕಲ್ಲಿನ ಬಣ್ಣವನ್ನೇ ತಳೆದು ಕೂತ ಪುಟ್ಟ ಆಕ್ಟೋಪಸ್. "ಇಲ್ಲಿ ನೋಡೇ, ಕಲ್ಲಿಗೆ ಕಣ್ಣಿದೆ" ಎಂದು ಕೂಗಿದಳು. ಮರಳ ಮೇಲೆ ಮಾತ್ರ ನಡೆಯಿರಿ, ಜೀವಂತ ಹವಳವಿರುವ ಬಂಡೆಗೆ ಕಾಲಿಡಬೇಡಿ ಎಂದು ಹೋಟೆಲಿನವರು ಮೊದಲೇ ಹೇಳಿದ್ದರು. ಅಷ್ಟನ್ನು ಪಾಲಿಸಿದರೆ ಇದಕ್ಕೆ ಖರ್ಚೇನೂ ಇಲ್ಲ, ವಯಸ್ಸಿನ ಅಡ್ಡಿಯೂ ಇಲ್ಲ.

ಚಂದದ ಚಿಪ್ಪೊಂದನ್ನು ಅವಳು ಕೈಗೆತ್ತಿಕೊಂಡಾಗ ಒಳಗಿನಿಂದ ಸನ್ಯಾಸಿ ಏಡಿಯ ಕಾಲುಗಳು ಹೊರಬಂದವು. ಆ ಏಡಿಗೆ ಸ್ವಂತ ಚಿಪ್ಪಿಲ್ಲ, ಬೆಳೆದಂತೆಲ್ಲ ದೊಡ್ಡ ಖಾಲಿ ಚಿಪ್ಪು ಹುಡುಕಿ ಮನೆ ಬದಲಿಸಬೇಕು. ದಂಡೆಯ ಚಿಪ್ಪುಗಳನ್ನೆಲ್ಲ ನಾವು ಚೀಲಕ್ಕೆ ತುಂಬಿಕೊಂಡರೆ ಅದಕ್ಕೆ ಮನೆಯಿಲ್ಲ. ಹವಳವಂತೂ ವನ್ಯಜೀವಿ ಕಾಯ್ದೆಯಡಿ ಹುಲಿಯಷ್ಟೇ ಕಟ್ಟುನಿಟ್ಟಿನ ರಕ್ಷಣೆಯಲ್ಲಿದೆ, ಸತ್ತ ತುಂಡನ್ನೂ ಒಯ್ಯುವಂತಿಲ್ಲ.

ಅಮಾವಾಸ್ಯೆಯ ಇನ್ನೊಂದು ಕೊಡುಗೆ ರಾತ್ರಿಯದು. ಕಾಂಡ್ಲಾ ಕಾಡಿನ ಅಂಚಿನಲ್ಲಿ ಕಯಾಕ್ ಎಂಬ ಹುಟ್ಟುದೋಣಿಯಲ್ಲಿ ಕೂರಿಸಿ ಕತ್ತಲಿಗೆ ಒಯ್ಯುತ್ತಾರೆ. ದಂಡೆಯ ದೀಪಗಳು ಮರೆಯಾದ ಮೇಲೆ ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಹೊಳೆಯುತ್ತದೆ. ಕೈ ಅದ್ದಿದರೆ ಬೆರಳುಗಳ ನಡುವೆ ಕಿಡಿ. ನೀರು ಕಲಕಿದಾಗ ಬೆಳಕು ಬಿಡುವ ಸೂಕ್ಷ್ಮಜೀವಿಗಳು ಅವು. 2020ರ ನವೆಂಬರಿನಲ್ಲಿ ಉಡುಪಿಯ ಮಟ್ಟು ಕಡಲತೀರದಲ್ಲಿ, ಕಾರವಾರದಲ್ಲಿ ಅಲೆಗಳು ನೀಲಿಯಾಗಿ ಬೆಳಗಿದಾಗ ಜನ ರಾತ್ರಿಯೆಲ್ಲ ನೆರೆದಿದ್ದರಲ್ಲ, ಇದೂ ಅದೇ ಬಗೆಯ ಬೆಳಕು. ಬೆಳದಿಂಗಳಿದ್ದರೆ ಇದರ ಕಾಲುಭಾಗವೂ ಕಾಣುವುದಿಲ್ಲ. ಹುಣ್ಣಿಮೆಗೆ ಹೋಗಿ, ಹಣ ಕೊಟ್ಟು, ಏನೂ ಕಾಣಲಿಲ್ಲ ಎಂದು ಬೇಸರಿಸಿದವರನ್ನು ನಾನು ಬಲ್ಲೆ.

ಹಾಗಾದರೆ ಅಷ್ಟಮಿಗೆ ಹೋಗಬೇಕೋ ಅಮಾವಾಸ್ಯೆಗೋ? ಕೃಷ್ಣಪಕ್ಷದ ಅಷ್ಟಮಿಗೆ ತಲುಪಿ, ಅಮಾವಾಸ್ಯೆ ಕಳೆದು ಹೊರಡಿ. ಒಂದು ವಾರ. ಮೊದಲರ್ಧದಲ್ಲಿ ಸೆಳೆತವಿಲ್ಲದ ತಿಳಿನೀರು, ಕೊನೆಯಲ್ಲಿ ದೊಡ್ಡ ಇಳಿತ. ಚಂದ್ರ ಹುಟ್ಟುವುದೇ ನಡುರಾತ್ರಿಯ ಹೊತ್ತಿಗೋ ಅದರಾಚೆಗೋ ಆದ್ದರಿಂದ ವಾರವಿಡೀ ಸಂಜೆ ಕತ್ತಲೆ. ಇಷ್ಟು ದಿನವಿದ್ದರೆ ಮೂರು ನಾಲ್ಕು ದಿನದ, ಓಪನ್ ವಾಟರ್ ಎಂಬ ಸ್ಕೂಬಾ ಕೋರ್ಸನ್ನೂ ಮಾಡಬಹುದು. ಆಮೇಲೆ ಜಗತ್ತಿನ ಯಾವ ಕಡಲಿನಲ್ಲಾದರೂ ಜೊತೆಗಾರನೊಂದಿಗೆ 18 ಮೀಟರಿನವರೆಗೆ ಇಳಿಯುವ ಅರ್ಹತೆ ಸಿಗುತ್ತದೆ. ಹತ್ತು ವರ್ಷ ತುಂಬಿದ ಮಕ್ಕಳೂ ಕಲಿಯಬಹುದು. ತಿಂಗಳು ಜನವರಿಯಿಂದ ಏಪ್ರಿಲ್ ಒಳ್ಳೆಯದು, ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ. ಅಷ್ಟು ದೂರ ಹೋಗಲಾಗದವರಿಗೆ ನಮ್ಮದೇ ನೇತ್ರಾಣಿ ದ್ವೀಪವಿದೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ'ಯಲ್ಲಿ ನೀರಿನಡಿಯ ಆ ಲೋಕವನ್ನು ಕಂಡವರು ಅನೇಕರು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಇಳಿಯಬಹುದು. ತಿಥಿಯ ಲೆಕ್ಕ ಅಲ್ಲಿಗೂ ಇದೇ.

ರಾಧಾನಗರದ ದಂಡೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2004ರಲ್ಲಿ ಟೈಮ್ ಪತ್ರಿಕೆ ಅದನ್ನು ಏಷ್ಯಾದಲ್ಲೇ ಉತ್ತಮವೆಂದಿತು, ಅಂದಿನಿಂದ ಜನವೋ ಜನ. ಆದರೂ ಸಂಜೆ ಸೂರ್ಯನ ಕಡೆ ಬೆನ್ನು ತಿರುಗಿಸಿ, ದಂಡೆಯ ಹಿಂದೆ ಗೋಡೆಯಂತೆ ನಿಂತ ಕಡಲ ಮಹುವಾ ಮರಗಳ ಕಾಂಡದ ಮೇಲೆ ಬೀಳುವ ಬೆಳಕನ್ನು ನೋಡಿ. ಈಜಲು ಕಾವಲುಗಾರರು ತೋರಿಸಿದ ಜಾಗ ಬಿಟ್ಟು ಹೋಗಬೇಡಿ. 2010ರಲ್ಲಿ ಅದರ ಪಕ್ಕದ ಕೊಲ್ಲಿಯಲ್ಲಿ ಉಪ್ಪುನೀರಿನ ಮೊಸಳೆಯೊಂದು ಪ್ರವಾಸಿಯೊಬ್ಬರನ್ನು ಕೊಂದಿದೆ, ಫಲಕಗಳನ್ನು ಸುಮ್ಮನೆ ಹಾಕಿಲ್ಲ. ಎಲಿಫೆಂಟ್ ಬೀಚಿಗೆ ದೋಣಿಗಿಂತ ಕಾಡಿನ ಕಾಲುದಾರಿ ನನಗೆ ಇಷ್ಟ, ಮುಕ್ಕಾಲು ಗಂಟೆಯ ನಡಿಗೆ. ಅಲ್ಲಿನ ಜೆಟ್ ಸ್ಕೀ ಯಾವ ಕೆರೆಯಲ್ಲಾದರೂ ಸಿಗುತ್ತದೆ, ಅದಕ್ಕಾಗಿ ಇಷ್ಟು ದೂರ ಬರಬೇಕಿಲ್ಲ.

ಆ ದಾರಿಯಲ್ಲಿ ನಡೆಯುವಾಗ ರಾಜನ್ ನೆನಪಾಗುತ್ತಾನೆ. ಮರದ ದಿಮ್ಮಿ ಎಳೆಯಲು ಅಂಡಮಾನಿಗೆ ತಂದ ಆನೆಗಳಲ್ಲಿ ಅವನೊಬ್ಬ. ದ್ವೀಪದಿಂದ ದ್ವೀಪಕ್ಕೆ ಕಡಲಲ್ಲಿ ಈಜಿಯೇ ಹೋಗುತ್ತಿದ್ದ. 2002ರಲ್ಲಿ ಸುಪ್ರೀಂ ಕೋರ್ಟು ಮರ ಕಡಿಯುವುದಕ್ಕೆ ಕಡಿವಾಣ ಹಾಕಿದ ಮೇಲೆ ಆನೆಗಳಿಗೆ ಕೆಲಸ ಉಳಿಯಲಿಲ್ಲ. ಅವನನ್ನು ಹ್ಯಾವ್‌ಲಾಕಿನಲ್ಲೇ ಉಳಿಸಿಕೊಂಡರು. ನೀಲಿ ನೀರಿನಲ್ಲಿ ಅವನು ಈಜುವುದನ್ನು ಸಿನಿಮಾದವರು ಹಿಡಿದರು, ಲೋಕವೆಲ್ಲ ನೋಡಿತು. 2016ರಲ್ಲಿ ತೀರಿಕೊಂಡ. ದುಡಿಮೆಗಾಗಿ ಕಡಲು ಕಲಿತ ಪ್ರಾಣಿ ಮುಪ್ಪಿನಲ್ಲಿ ತನ್ನ ಇಷ್ಟಕ್ಕೆ ನೀರಿಗಿಳಿಯುವಂತಾಯಿತಲ್ಲ ಎಂಬುದೇ ನನಗೆ ಸಮಾಧಾನ.

ಇನ್ನು ಕೊನೆಯ ದಿನ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿರುತ್ತದೆ, ಅದು ಮೆಲ್ಲಗೆ ಹೊರಹೋಗಬೇಕು. ಅದಕ್ಕೆ ಮೊದಲೇ ವಿಮಾನದ ತೆಳು ಗಾಳಿಗೆ ಏರಿದರೆ ಮೈಯೊಳಗೆ ಗುಳ್ಳೆಯೆದ್ದು ಅಪಾಯ. ಆದ್ದರಿಂದ ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಬೇಕೆಂದು ನಿಯಮ. ಬಹಳ ಮಂದಿ ಈ ಹೊತ್ತನ್ನು ಹೋಟೆಲಿನ ಕೋಣೆಯಲ್ಲಿ ಕಳೆಯುತ್ತಾರೆ. ಅದನ್ನು ದ್ವೀಪದ ಊರುಗಳಿಗೆ ಕೊಡಿ.

ದೇಶವಿಭಜನೆಯಲ್ಲಿ ಪೂರ್ವ ಬಂಗಾಳದ ತಮ್ಮ ನೆಲ ಕಳೆದುಕೊಂಡು ಬಂದ ಕುಟುಂಬಗಳನ್ನು 1950ರ ದಶಕದಲ್ಲಿ ಇಲ್ಲಿ ನೆಲೆಗೊಳಿಸಿದರು. ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ, ಇವು ಅವರ ಊರುಗಳು. ಕಾಡು ಕಡಿದು ಗದ್ದೆ ಮಾಡಿದವರ ಮೊಮ್ಮಕ್ಕಳೇ ಇಂದು ನಮ್ಮ ಸಿಲಿಂಡರ್ ಹಿಡಿದು ನೀರಿಗಿಳಿಯುವವರು. ಬಾಡಿಗೆ ಸೈಕಲ್ಲಿನಲ್ಲಿ ಕೃಷ್ಣನಗರದ ಕಡೆ ಹೋದರೆ ಭತ್ತದ ಬಯಲು, ಅದರಾಚೆ ಅಡಿಕೆ ತೋಟ. ಉತ್ತರ ಕನ್ನಡದವಳಾದ ನನಗೆ ತೋಟದ ತಂಪು ಕಂಡು ಕಾಲು ತಾನಾಗಿ ನಿಂತಿತು. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಜ್ಜಿಯನ್ನು ಮಾಶಿ ಎಂದು ಕರೆದು, ನಮ್ಮಲ್ಲೂ ಇದೇ ಬೆಳೆ ಎಂದೆ. ಕೂರಿಸಿ, ಎಳನೀರು ಕೊಟ್ಟು, ನಿಮ್ಮಲ್ಲಿ ದರ ಎಷ್ಟಿದೆ ಎಂದು ಕೇಳಿದರು. ನಾನು ಅಡಿಕೆಯ ಕೊಳೆರೋಗದ ಮಾತೆತ್ತಿದೆ, ಅವರು ನೀರಿನ ಕಷ್ಟ ಹೇಳಿದರು. ಬೇಸಗೆಯಲ್ಲಿ ದ್ವೀಪದ ಬಾವಿಗಳು ಬತ್ತುತ್ತವೆ, ಸುತ್ತ ಕಡಲಿದ್ದೂ ಕುಡಿಯುವ ನೀರು ಮಳೆಯದೇ.

ಆದ್ದರಿಂದ ಹೋಗುವವರಲ್ಲಿ ಕೇಳಿಕೊಳ್ಳುವುದಿಷ್ಟು. ಒಂದು ವಾರ ಇಟ್ಟುಕೊಂಡು ಹೋಗಿ. ಸ್ನಾನಕ್ಕೆ ಒಂದೇ ಬಕೆಟ್ ನೀರು ಬಳಸಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ, ಚಿಪ್ಪು ಹವಳಗಳನ್ನು ಅಲ್ಲೇ ಬಿಟ್ಟು ಬನ್ನಿ. ಗೋವಿಂದನಗರದ ಬಜಾರಿನ ಯಾವುದಾದರೂ ಸಣ್ಣ ಬಂಗಾಳಿ ಹೋಟೆಲಿನಲ್ಲಿ ಒಂದು ಹೊತ್ತು ಊಟ ಮಾಡಿ. ಮೀನು ತಿನ್ನದವರಿಗೆ ಅನ್ನ, ದಾಲ್, ಬದನೆಕಾಯಿ ಬಜ್ಜಿ ಸಿಗುತ್ತದೆ.